ದೇಹದ ತೂಕವೂ ಶಕ್ತಿಯ ಲೆಕ್ಕವೂ

ಹತ್ತು ಕಿಲೋಗ್ರಾಂ ಕೊಬ್ಬನ್ನು ಕರಗಿಸಿಕೊಂಡ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳೋಣ. ಆ ಹತ್ತು ಕಿಲೋಗ್ರಾಂ ದ್ರವ್ಯ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ, ಅದು ಶಾಖವಾಗಿ ಮಾರ್ಪಟ್ಟಿತೆಂದು ಕೆಲವರೂ, ಬೆವರಾಗಿ ಹರಿದುಹೋಯಿತೆಂದು ಕೆಲವರೂ, ಮಲದೊಡನೆ ವಿಸರ್ಜಿತವಾಯಿತೆಂದು ಇನ್ನು ಕೆಲವರೂ ಉತ್ತರ ಕೊಡುವುದುಂಟು. ಆದರೆ ಕೊಬ್ಬು ಎಂಬುದು ಇಂಗಾಲ, ಜಲಜನಕ, ಆಮ್ಲಜನಕ ಎಂಬ ಮೂರು ಧಾತುಗಳ ಸಂಯುಕ್ತ. ಶರೀರದೊಳಗೆ ಅದು ಆಮ್ಲಜನಕದೊಡನೆ ಕೂಡಿ ಉರಿದಾಗ ಉಂಟಾಗುವ ಪದಾರ್ಥಗಳು ಎರಡೇ: ಕಾರ್ಬನ್ ಡೈಆಕ್ಸೈಡ್ ಎಂಬ ಇಂಗಾಲಾಮ್ಲ ಅನಿಲ ಮತ್ತು ನೀರು. ಆಸ್ಟ್ರೇಲಿಯದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬುವರು ೨೦೧೪ರಲ್ಲಿ ಈ ಲೆಕ್ಕವನ್ನು ಪರಮಾಣು ಪರಮಾಣುವಾಗಿ ಮಾಡಿ ತೋರಿಸಿದರು. ೧೦ ಕಿಲೋಗ್ರಾಂ ಕೊಬ್ಬು ಪೂರ್ಣವಾಗಿ ಉರಿಯಬೇಕಾದರೆ ೨೯ ಕಿಲೋಗ್ರಾಂ ಆಮ್ಲಜನಕವನ್ನು ನಾವು ಉಸಿರಿನೊಡನೆ ಒಳಗೆ ಸೆಳೆದುಕೊಳ್ಳಬೇಕು. ಆಗ ೨೮ ಕಿಲೋಗ್ರಾಂ ಇಂಗಾಲಾಮ್ಲ ಅನಿಲವೂ ೧೧ ಕಿಲೋಗ್ರಾಂ ನೀರೂ ಹುಟ್ಟುತ್ತವೆ. ಕೊಬ್ಬಿನಲ್ಲಿದ್ದ ಪರಮಾಣುಗಳನ್ನು ಮಾತ್ರ ಬೆನ್ನಟ್ಟಿ ನೋಡಿದರೆ, ಅವುಗಳಲ್ಲಿ ೮.೪ ಕಿಲೋಗ್ರಾಂ ಉಸಿರಿನ ಮೂಲಕ ಅನಿಲವಾಗಿ ಹೊರಬೀಳುತ್ತದೆ; ಉಳಿದ ೧.೬ ಕಿಲೋಗ್ರಾಂ ಮಾತ್ರ ನೀರಾಗಿ ಹೋಗುತ್ತದೆ. ಎಂದಮೇಲೆ ಮನುಷ್ಯನು ಕೊಬ್ಬನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಉಸಿರಿನ ದಾರಿಯಲ್ಲಿಯೇ.

ಈ ದಹನವು ಹಗಲೂ ಇರುಳೂ ನಡೆಯುವ ನಿಧಾನವಾದ ಕೆಲಸ. ಬೇಗ ಬೇಗನೆ ಉಸಿರಾಡಿದ ಮಾತ್ರಕ್ಕೆ ಅದು ಚುರುಕಾಗುವುದಿಲ್ಲ. ಹೀಗಿದ್ದರೂ 'ಹದಿನೈದು ದಿನಗಳಲ್ಲಿ ಹತ್ತು ಕಿಲೋ' ಎಂಬ ಮಾದರಿಯ ಆಶ್ವಾಸನೆಗಳು ನಮ್ಮ ಸುತ್ತ ತುಂಬಿವೆ. ಅನ್ನವನ್ನು ಬಿಟ್ಟವರು, ರಾತ್ರಿಯ ಊಟವನ್ನು ಬಿಟ್ಟವರು, ಬರಿಯ ಹಣ್ಣಿನ ರಸದಲ್ಲಿ ದಿನ ನೂಕಿದವರು ಪ್ರತಿಯೊಂದು ಬೀದಿಯಲ್ಲಿಯೂ ಸಿಕ್ಕುತ್ತಾರೆ. ಅವರಲ್ಲಿ ಹೆಚ್ಚಿನವರ ತೂಕ ಮೊದಲು ಇಳಿದು, ಅನಂತರ ಮತ್ತೆ ಏರುತ್ತದೆ. ಹಾಗಾದಾಗ ಜನರು ತಮ್ಮ ಮನೋನಿಗ್ರಹವನ್ನು ಹಳಿದುಕೊಳ್ಳುತ್ತಾರೆ. ವಾಸ್ತವವಾಗಿ ದೋಷವಿರುವುದು ಲೆಕ್ಕದಲ್ಲಿ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ, ಇಷ್ಟವಾದುದನ್ನೆಲ್ಲ ತ್ಯಜಿಸದೆ, ಹಸಿವಿನಿಂದ ನರಳದೆ ತೂಕ ಇಳಿಸುವ ಮಾರ್ಗವೇ ಹೆಚ್ಚು ಶಾಸ್ತ್ರೀಯವಾದ ಮಾರ್ಗವೆಂಬುದು ತಿಳಿಯುತ್ತದೆ.

ವಿಷಯವು ಕೇವಲ ಅಂದಚೆಂದಕ್ಕೆ ಸಂಬಂಧಿಸಿದುದಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ನೂರಕ್ಕೆ ೨೪ ಮಂದಿಯೂ ಗಂಡಸರಲ್ಲಿ ಸುಮಾರು ೨೩ ಮಂದಿಯೂ ಮಿತಿಮೀರಿದ ತೂಕದವರು. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಅಧ್ಯಯನವು ದೇಶದಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ಸಿಹಿಮೂತ್ರ ರೋಗಿಗಳಿದ್ದಾರೆಂದು ಅಂದಾಜು ಮಾಡಿದೆ. ಇದೇ ದೇಶದಲ್ಲಿ ಸಾಕಷ್ಟು ಊಟವಿಲ್ಲದೆ ಸೊರಗಿದವರೂ ಅಸಂಖ್ಯಾತರಿದ್ದಾರೆಂಬುದನ್ನು ಮರೆಯುವಂತಿಲ್ಲ. ಈ ಲೇಖನ ಅವರನ್ನು ಕುರಿತದ್ದಲ್ಲ.

ಉಸಿರಾಟವೂ ಒಂದು ದಹನವೇ

ಪ್ರಾಣಿಯ ಉಸಿರಾಟವೂ ದೀಪದ ಉರಿಯೂ ಮೂಲದಲ್ಲಿ ಒಂದೇ ಬಗೆಯ ಕ್ರಿಯೆ ಎಂಬುದನ್ನು ಪ್ರಯೋಗದಿಂದ ತೋರಿಸಿದವರು ಫ್ರಾನ್ಸ್ ದೇಶದ ಲವಾಸಿಯೆ ಮತ್ತು ಲಪ್ಲಾಸ್. ೧೭೮೨-೮೩ರ ಚಳಿಗಾಲದಲ್ಲಿ ಅವರು ಒಂದು ಗಿನಿ ಇಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗಿಟ್ಟು, ಅದರ ಮೈಶಾಖದಿಂದ ಎಷ್ಟು ಮಂಜುಗಡ್ಡೆ ಕರಗಿತೆಂಬುದನ್ನು ತೂಗಿದರು. ಆ ಪ್ರಾಣಿ ಹೊರಬಿಡುವಷ್ಟೇ ಇಂಗಾಲಾಮ್ಲ ಅನಿಲವು ಇದ್ದಿಲನ್ನು ಉರಿಸುವುದರಿಂದ ಹುಟ್ಟಿದರೆ ಎಷ್ಟು ಮಂಜುಗಡ್ಡೆ ಕರಗುವುದೆಂಬುದನ್ನೂ ಲೆಕ್ಕ ಹಾಕಿದರು. ಎರಡು ಅಂಕೆಗಳೂ ಸಾಕಷ್ಟು ಹತ್ತಿರದಲ್ಲಿದ್ದವು.

ಇದಾದ ಸುಮಾರು ನೂರು ವರ್ಷಗಳ ಮೇಲೆ, ೧೮೯೦ರ ದಶಕದಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಜ್ಞ ಆಟ್‌ವಾಟರನೂ ಭೌತಶಾಸ್ತ್ರಜ್ಞ ರೋಸಾನೂ ಸೇರಿ, ಒಬ್ಬ ಮನುಷ್ಯನು ಹಲವು ದಿನ ವಾಸಮಾಡಬಹುದಾದ ಒಂದು ಚಿಕ್ಕ ಲೋಹದ ಕೋಣೆಯನ್ನು ಕಟ್ಟಿದರು. ಅವನು ತಿಂದ ಅನ್ನ, ಬಿಟ್ಟ ಉಸಿರು, ಹೊರಸೂಸಿದ ಶಾಖ ಎಲ್ಲವನ್ನೂ ಅಳೆಯಲಾಗುತ್ತಿತ್ತು. ಒಳಬಂದ ಶಕ್ತಿಗೂ ಹೊರಹೋದ ಶಕ್ತಿಗೂ ಲೆಕ್ಕ ಸರಿಹೋಯಿತು. ಶಕ್ತಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂಬ ನಿಯಮ ಉಗಿಯಂತ್ರಕ್ಕೆ ಹೇಗೋ ಮನುಷ್ಯನಿಗೂ ಹಾಗೆಯೇ ಅನ್ವಯಿಸುವುದೆಂದು ಇದರಿಂದ ಸಿದ್ಧವಾಯಿತು.

ಆಹಾರದ ಶಕ್ತಿಯನ್ನು ಅಳೆಯುವ ಮಾನವೇ ಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿಸಲು ಬೇಕಾದ ಶಾಖಕ್ಕೆ ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿ ಎಂದು ರೂಢಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ನಮಗೆ ದೊರೆಯುವುದು ಸುಮಾರು ೪ ಕ್ಯಾಲೊರಿ. ಪ್ರೋಟೀನು ಎಂದು ಈಗ ಬಳಕೆಯಲ್ಲಿರುವ ಸಸಾರಜನಕದಿಂದಲೂ ೪. ಎಣ್ಣೆ, ತುಪ್ಪ, ಬೆಣ್ಣೆಗಳಂಥ ಕೊಬ್ಬಿನಿಂದ ೯. ಕುಳಿತು ಕೆಲಸಮಾಡುವ ೬೫ ಕಿಲೋಗ್ರಾಂ ತೂಕದ ಗಂಡಸಿಗೆ ದಿನಕ್ಕೆ ಸುಮಾರು ೨,೧೧೦ ಕ್ಯಾಲೊರಿಯೂ, ಅಂಥದೇ ಕೆಲಸದ ೫೫ ಕಿಲೋಗ್ರಾಂ ತೂಕದ ಹೆಂಗಸಿಗೆ ೧,೬೬೦ ಕ್ಯಾಲೊರಿಯೂ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೦ರಲ್ಲಿ ಗೊತ್ತುಮಾಡಿತು. ಗಂಡಸಿನ ಅಂಕೆಯನ್ನು ಇಪ್ಪತ್ತನಾಲ್ಕು ಗಂಟೆಗಳಿಗೆ ಹಂಚಿದರೆ ಸುಮಾರು ೧೦೦ ವ್ಯಾಟ್ ಆಗುತ್ತದೆ. ಎಂದರೆ ಸುಮ್ಮನೆ ಕುಳಿತಿರುವ ಮನುಷ್ಯನೂ ಹಳೆಯ ಮಾದರಿಯ ನೂರು ವ್ಯಾಟಿನ ಒಂದು ವಿದ್ಯುದ್ದೀಪದಂತೆ ಸದಾ ಉರಿಯುತ್ತಲೇ ಇರುತ್ತಾನೆ.

ತೂತಿರುವ ತೊಟ್ಟಿ

ಇಷ್ಟು ತಿಳಿದಮೇಲೆ ಬಹುಮಂದಿ ಒಂದು ಸುಲಭವಾದ ಭಾಗಾಕಾರ ಮಾಡುತ್ತಾರೆ. ಮೈಕೊಬ್ಬಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು ೭,೭೦೦ ಕ್ಯಾಲೊರಿ ಅಡಗಿದೆ. ದಿನಕ್ಕೆ ೫೦೦ ಕ್ಯಾಲೊರಿ ಕಡಿಮೆ ಉಂಡರೆ ಹದಿನೈದು ದಿನಕ್ಕೆ ಒಂದು ಕಿಲೋಗ್ರಾಂ, ವರ್ಷಕ್ಕೆ ಇಪ್ಪತ್ತನಾಲ್ಕು ಕಿಲೋಗ್ರಾಂ ಇಳಿಯಬೇಕು ಎಂದು ಅವರ ವಾದ. ಹಾಗೆ ಇಳಿಯುವುದಿಲ್ಲ. ಏಕೆ?

ತಳದಲ್ಲಿ ಒಂದು ತೂತಿರುವ ತೊಟ್ಟಿಯನ್ನು ನಲ್ಲಿಯ ಕೆಳಗೆ ಇಟ್ಟಿದೆಯೆಂದು ಭಾವಿಸಿರಿ. ನೀರಿನ ಮಟ್ಟ ಏರಿದಷ್ಟೂ ತೂತಿನ ಮೇಲಿನ ಒತ್ತಡ ಹೆಚ್ಚಿ ನೀರು ರಭಸವಾಗಿ ಹೊರಹರಿಯುತ್ತದೆ. ಒಳಬರುವ ನೀರೂ ಹೊರಹೋಗುವ ನೀರೂ ಸಮನಾದ ಎತ್ತರದಲ್ಲಿ ಮಟ್ಟ ನಿಲ್ಲುತ್ತದೆ. ಈಗ ನಲ್ಲಿಯನ್ನು ಸ್ವಲ್ಪ ತಿರುಗಿಸಿ ಹರಿವನ್ನು ಕಡಿಮೆ ಮಾಡಿರಿ. ಮಟ್ಟ ಮೊದಲು ಚುರುಕಾಗಿ, ಬರಬರುತ್ತ ನಿಧಾನವಾಗಿ ಇಳಿದು, ಹೊಸದೊಂದು ಎತ್ತರದಲ್ಲಿ ನೆಲೆಗೊಳ್ಳುತ್ತದೆ. ತೊಟ್ಟಿ ಬರಿದಾಗುವುದಿಲ್ಲ. ನಲ್ಲಿಯನ್ನು ಮೊದಲಿನಂತೆ ತಿರುಗಿಸಿದರೆ ಮಟ್ಟವೂ ಮೊದಲಿನ ಎತ್ತರಕ್ಕೇ ಹಿಂದಿರುಗುತ್ತದೆ.

ಶರೀರದ ತೂಕವು ಈ ಮಟ್ಟವಿದ್ದ ಹಾಗೆ. ಭಾರವಾದ ದೇಹವನ್ನು ಸಾಕುವುದಕ್ಕೂ ಹೊತ್ತು ತಿರುಗುವುದಕ್ಕೂ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ದೇಹ ಹಗುರವಾದಂತೆ ವ್ಯಯವೂ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಅವರ ಸಹೋದ್ಯೋಗಿಗಳು ೨೦೧೧ರಲ್ಲಿ ಇದನ್ನು ಗಣಿತದ ರೂಪಕ್ಕೆ ತಂದರು. ಅವರ ಲೆಕ್ಕದಿಂದ ದೊರೆತ ಸ್ಥೂಲ ಸೂತ್ರ ಹೀಗಿದೆ: ದಿನದ ಆಹಾರದಲ್ಲಿ ಸುಮಾರು ೨೪ ಕ್ಯಾಲೊರಿಯನ್ನು ಶಾಶ್ವತವಾಗಿ ಕಡಿಮೆ ಮಾಡಿದರೆ ತೂಕವು ಕೊನೆಗೆ ಒಂದು ಕಿಲೋಗ್ರಾಮಿನಷ್ಟು ಕೆಳಗೆ ನೆಲೆಗೊಳ್ಳುತ್ತದೆ; ಅದರಲ್ಲಿ ಅರ್ಧದಷ್ಟು ಇಳಿಯಲು ಒಂದು ವರ್ಷವೂ, ಬಹುತೇಕ ಪೂರ್ತಿ ಇಳಿಯಲು ಮೂರು ವರ್ಷಗಳೂ ಬೇಕು.

ಈ ದೃಷ್ಟಾಂತದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕೆಲವು ತಿಂಗಳ ಮೇಲೆ ತೂಕ ಇಳಿಯುವುದು ನಿಂತರೆ ಅದು ಸೋಲಲ್ಲ. ತೊಟ್ಟಿಯ ಮಟ್ಟ ಹೊಸ ನೆಲೆಯನ್ನು ಮುಟ್ಟುತ್ತಿದೆಯೆಂದು ಅರ್ಥ. ಎರಡನೆಯದು ಇನ್ನೂ ಮುಖ್ಯವಾದುದು. ಎರಡು ತಿಂಗಳು ಮಾತ್ರ ನಡೆಸುವ ಪಥ್ಯದ ಫಲವೂ ತಾತ್ಕಾಲಿಕವೇ. ನಲ್ಲಿಯನ್ನು ಮತ್ತೆ ತಿರುಗಿಸಿದ ದಿನ ಮಟ್ಟ ಏರಲು ತೊಡಗುತ್ತದೆ. ಆದಕಾರಣ ಯಾವುದೇ ಪಥ್ಯವನ್ನು ಪರೀಕ್ಷಿಸಲು ಕೇಳಬೇಕಾದ ಪ್ರಶ್ನೆ, 'ಇದರಿಂದ ಎಷ್ಟು ಬೇಗ ಇಳಿಯುತ್ತದೆ?' ಎಂಬುದಲ್ಲ, 'ಇದನ್ನು ಹತ್ತು ವರ್ಷ ಉಣ್ಣಬಲ್ಲೆನೆ?' ಎಂಬುದು.

ಮಿನೆಸೋಟದ ಪ್ರಯೋಗ

ತೊಟ್ಟಿಗೂ ದೇಹಕ್ಕೂ ಒಂದು ವ್ಯತ್ಯಾಸವಿದೆ. ನೀರು ಕಡಿಮೆಯಾಯಿತೆಂದು ತೊಟ್ಟಿ ನಲ್ಲಿಗೆ ಕೈಚಾಚುವುದಿಲ್ಲ, ದೇಹ ಚಾಚುತ್ತದೆ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದು ೧೯೪೪ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಯುದ್ಧದಿಂದ ಹಸಿವಿಗೆ ತುತ್ತಾಗಿದ್ದ ಯೂರೋಪಿನ ಜನರನ್ನು ಮತ್ತೆ ಪೋಷಿಸುವುದು ಹೇಗೆಂದು ತಿಳಿಯುವುದು ಅದರ ಉದ್ದೇಶ. ಅಂತಃಸಾಕ್ಷಿಯ ಕಾರಣದಿಂದ ಸೈನ್ಯಕ್ಕೆ ಸೇರಲೊಪ್ಪದ ೩೬ ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ ಅದನ್ನು ನಡೆಸಿದ. ಮೊದಲು ದಿನಕ್ಕೆ ಸುಮಾರು ೩,೨೦೦ ಕ್ಯಾಲೊರಿ ಉಣ್ಣುತ್ತಿದ್ದ ಅವರಿಗೆ ಇಪ್ಪತ್ತನಾಲ್ಕು ವಾರಗಳ ಕಾಲ ಅದರ ಅರ್ಧದಷ್ಟು ಮಾತ್ರ ಕೊಡಲಾಯಿತು.

ಅವರ ತೂಕ ನಾಲ್ಕರಲ್ಲೊಂದು ಪಾಲು ಇಳಿಯಿತು. ಆದರೆ ಇಳಿದುದು ತೂಕ ಮಾತ್ರವಲ್ಲ. ವಿಶ್ರಾಂತಿಯಲ್ಲಿದ್ದಾಗ ದೇಹ ವ್ಯಯಿಸುವ ಶಕ್ತಿ ಸುಮಾರು ನೂರಕ್ಕೆ ನಲವತ್ತರಷ್ಟು ಕುಗ್ಗಿತು, ಸದಾ ಚಳಿಯೆನಿಸತೊಡಗಿತು, ಕೆಲಸದಲ್ಲಿ, ಮಾತಿನಲ್ಲಿ, ಸ್ನೇಹದಲ್ಲಿ ಆಸಕ್ತಿ ತಗ್ಗಿತು. ಅದಕ್ಕೆ ಬದಲಾಗಿ ಮನಸ್ಸನ್ನೆಲ್ಲ ಆಹಾರವೇ ಆಕ್ರಮಿಸಿತು. ಹಿಂದೆ ಅಡುಗೆಮನೆಯತ್ತ ತಲೆಹಾಕದವರು ಪಾಕಶಾಸ್ತ್ರದ ಪುಸ್ತಕಗಳನ್ನು ಓದುತ್ತ ಕುಳಿತರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ದೊರೆತಾಗ ಕೆಲವರು ದಿನಕ್ಕೆ ೫,೦೦೦ ಕ್ಯಾಲೊರಿಗೂ ಮೇಲ್ಪಟ್ಟು ಉಂಡರು. ಆದರೂ ಅವರ ಹಸಿವು ಹಿಂಗಲಿಲ್ಲ. ಮೊದಲು ತುಂಬಿಕೊಂಡುದು ಮಾಂಸಖಂಡವಲ್ಲ, ಕೊಬ್ಬು. ಕೀಸ್ ಮತ್ತು ಸಂಗಡಿಗರು ಈ ವಿವರಗಳನ್ನೆಲ್ಲ ೧೯೫೦ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು.

ಆ ಯುವಕರು ಸ್ಥೂಲಕಾಯರಾಗಿರಲಿಲ್ಲವೆಂಬುದು ನಿಜ. ಆದರೂ ದಿನಕ್ಕೆ ೧,೫೦೦ರಿಂದ ೧,೬೦೦ ಕ್ಯಾಲೊರಿಯೆಂಬುದು ಇಂದಿನ ಅನೇಕ ಪಥ್ಯಪಟ್ಟಿಗಳಲ್ಲಿ ಗಂಡಸರಿಗೆ ವಿಧಿಸುವ ಅಳತೆಗಿಂತ ಕಡಿಮೆಯೇನೂ ಅಲ್ಲ ಎಂಬುದನ್ನು ಗಮನಿಸಬೇಕು. ದೇಹವು ಈ ಕೊರತೆಯನ್ನು ಹೇಗೆ ಅರಿಯುತ್ತದೆಂಬುದು ಆಗ ತಿಳಿದಿರಲಿಲ್ಲ. ೧೯೯೪ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲವನ್ನು ಕಂಡುಹಿಡಿದರು. ಕೊಬ್ಬಿನ ಕೋಶಗಳೇ ಇದನ್ನು ಸ್ರವಿಸಿ ರಕ್ತದ ಮೂಲಕ ಮಿದುಳಿಗೆ ದಾಸ್ತಾನಿನ ವರದಿ ಒಪ್ಪಿಸುತ್ತವೆ. ಕೊಬ್ಬು ಕರಗಿತೆಂದರೆ ಲೆಪ್ಟಿನ್ ಇಳಿಯುತ್ತದೆ; ಮಿದುಳು ಅದನ್ನು ಬರಗಾಲವೆಂದೇ ಬಗೆದು ಹಸಿವನ್ನು ಹೆಚ್ಚಿಸುತ್ತದೆ, ವ್ಯಯವನ್ನು ತಗ್ಗಿಸುತ್ತದೆ. ೨೦೧೧ರಲ್ಲಿ ಮೆಲ್ಬರ್ನಿನ ವೈದ್ಯರು, ಹತ್ತು ವಾರಗಳ ಕಠಿಣ ಪಥ್ಯ ಮಾಡಿದವರಲ್ಲಿ ಹಸಿವಿಗೆ ಸಂಬಂಧಿಸಿದ ಹಾರ್ಮೋನುಗಳು ಒಂದು ವರ್ಷದ ಮೇಲೂ ಮೊದಲಿನ ಸ್ಥಿತಿಗೆ ಬಂದಿರಲಿಲ್ಲವೆಂದು ತೋರಿಸಿದರು. ಇತ್ತೀಚೆಗೆ ಬಳಕೆಗೆ ಬಂದಿರುವ ಸೆಮಾಗ್ಲುಟೈಡ್ ಮೊದಲಾದ ಔಷಧಗಳು ಪರಿಣಾಮಕಾರಿಯಾಗುವುದೂ ಮುಖ್ಯವಾಗಿ ಈ ಹಸಿವಿನ ಕರೆಯನ್ನು ಅಡಗಿಸುವುದರಿಂದಲೇ. ಅವನ್ನು ನಿಲ್ಲಿಸಿದರೆ ತೂಕ ಬಹುಪಾಲು ಹಿಂದಿರುಗುತ್ತದೆ. ಹಸಿವು ಮನಸ್ಸಿನ ದೌರ್ಬಲ್ಯವಲ್ಲ. ಅದು ಲಕ್ಷಾಂತರ ವರ್ಷ ನಮ್ಮ ಪೂರ್ವಿಕರನ್ನು ಬದುಕಿಸಿದ ಕಾವಲುಗಾರ. ಅದರೊಡನೆ ಕಾದಾಡಿ ಗೆಲ್ಲುವವರು ಬಹಳ ಕಡಿಮೆ.

ನಿಷೇಧದ ಫಲ

ದೇಹದಂತೆ ಮನಸ್ಸೂ ಕಟ್ಟುಪಾಡಿಗೆ ಎದುರು ನಿಲ್ಲುತ್ತದೆ. ೧೯೭೫ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜಿನ ವಿದ್ಯಾರ್ಥಿನಿಯರ ಮೇಲೆ ಒಂದು ಪರೀಕ್ಷೆ ನಡೆಸಿದರು. ಮೊದಲು ಸಿಹಿಯಾದ ಮಿಲ್ಕ್‌ಶೇಕ್ ಕುಡಿಸಿ, ಬಳಿಕ ಐಸ್‌ಕ್ರೀಮಿನ ರುಚಿ ನೋಡಿ ಅಭಿಪ್ರಾಯ ಹೇಳುವಂತೆ ಕೇಳಿದರು. ಸಾಮಾನ್ಯವಾಗಿ ಉಣ್ಣುವವರು ಮಿಲ್ಕ್‌ಶೇಕ್ ಕುಡಿದ ಕಾರಣ ಐಸ್‌ಕ್ರೀಮನ್ನು ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿರುವವರಾದರೋ, ಮಿಲ್ಕ್‌ಶೇಕ್ ಕುಡಿದಮೇಲೆ ಐಸ್‌ಕ್ರೀಮನ್ನು ಇನ್ನೂ ಹೆಚ್ಚಾಗಿ ತಿಂದರು! ವ್ರತ ಹೇಗೂ ಕೆಟ್ಟಿತು, ಇನ್ನು ಹೆಚ್ಚಾದರೇನು ಎಂಬ ಭಾವನೆಯೇ ಇದಕ್ಕೆ ಕಾರಣ. ನಿಯಮ ಕಟ್ಟುನಿಟ್ಟಾದಷ್ಟೂ ಅದು ಮುರಿದಾಗಿನ ಬೀಳು ದೊಡ್ಡದಾಗುತ್ತದೆ.

ಜರ್ಮನಿಯ ವೆಸ್ಟೆನ್‌ಹೋಫರ್ ಎಂಬ ಸಂಶೋಧಕರು ೧೯೯೧ರಲ್ಲಿ ಆಹಾರ ನಿಯಂತ್ರಣವನ್ನು ಬಿಗಿಯಾದುದು, ಸಡಿಲವಾದುದು ಎಂದು ಎರಡು ಬಗೆಯಾಗಿ ವಿಂಗಡಿಸಿದರು. 'ಸಿಹಿಯನ್ನು ಮುಟ್ಟಲೇಕೂಡದು' ಎನ್ನುವುದು ಬಿಗಿ. 'ಇಂದು ಸ್ವಲ್ಪ ಹೆಚ್ಚಾಯಿತು, ನಾಳೆ ಸ್ವಲ್ಪ ಕಡಿಮೆ ಉಣ್ಣೋಣ' ಎನ್ನುವುದು ಸಡಿಲ. ಸಡಿಲ ಕ್ರಮದವರಲ್ಲಿ ತೂಕವೂ ಕಡಿಮೆ, ಅಂಕೆ ತಪ್ಪಿ ತಿನ್ನುವುದೂ ಕಡಿಮೆ ಎಂದು ಕಂಡುಬಂದಿತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಪೂರ್ಣವಾಗಿ ಸ್ಥಾಪಿಸುವುದಿಲ್ಲ; ಆದರೂ ಮೇಲೆ ಹೇಳಿದ ಲೆಕ್ಕಕ್ಕೆ ಇದು ಹೊಂದಿಕೊಳ್ಳುತ್ತದೆ.

ಯಾವ ಪಥ್ಯ ಶ್ರೇಷ್ಠವೆಂಬ ವಿವಾದಕ್ಕೂ ಇಲ್ಲಿಯೇ ಉತ್ತರವಿದೆ. ೨೦೦೫ರಲ್ಲಿ ಅಮೆರಿಕದಲ್ಲಿ ೧೬೦ ಮಂದಿಗೆ ನಾಲ್ಕು ಪ್ರಸಿದ್ಧ ಪಥ್ಯಗಳನ್ನು ಹಂಚಿ ಒಂದು ವರ್ಷ ನೋಡಲಾಯಿತು. ತೂಕ ಎಷ್ಟು ಇಳಿಯಿತೆಂಬುದು ಪಥ್ಯದ ಹೆಸರನ್ನು ಅವಲಂಬಿಸಿರಲಿಲ್ಲ. ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂಬುದನ್ನು ಅವಲಂಬಿಸಿತ್ತು. ೨೦೧೮ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೬೦೯ ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಕೊಬ್ಬನ್ನು ಕಡಿಮೆ ಮಾಡಿದವರು ವರ್ಷಕ್ಕೆ ಸರಾಸರಿ ೫.೩ ಕಿಲೋಗ್ರಾಮನ್ನೂ, ಪಿಷ್ಟವನ್ನು ಕಡಿಮೆ ಮಾಡಿದವರು ೬ ಕಿಲೋಗ್ರಾಮನ್ನೂ ಕಳೆದುಕೊಂಡರು. ಈ ಅಂತರ ಗಣನೀಯವಲ್ಲ. ದಿನಬಿಟ್ಟು ದಿನ ಉಪವಾಸದ ಕ್ರಮವನ್ನು ೨೦೧೭ರಲ್ಲಿ ಶಿಕಾಗೋ ನಗರದಲ್ಲಿ ೧೦೦ ಮಂದಿಯ ಮೇಲೆ ಪರೀಕ್ಷಿಸಿದಾಗ ಅದು ಪ್ರತಿದಿನ ಮಿತವಾಗಿ ಉಣ್ಣುವುದಕ್ಕಿಂತ ಮೇಲಾಗಲಿಲ್ಲ. ಅರ್ಧದಲ್ಲಿ ಬಿಟ್ಟವರು ಮಾತ್ರ ಉಪವಾಸದ ಗುಂಪಿನಲ್ಲಿಯೇ ಹೆಚ್ಚು.

ಹೊಟ್ಟೆ ತುಂಬುವುದು ಯಾವುದರಿಂದ?

ಹಸಿವನ್ನು ಎದುರು ಹಾಕಿಕೊಳ್ಳದೆ ಶಕ್ತಿಯ ಆದಾಯವನ್ನು ತಗ್ಗಿಸುವುದು ಹೇಗೆ? ಜಠರವು ಕ್ಯಾಲೊರಿಯನ್ನು ಎಣಿಸುವುದಿಲ್ಲ. ಅದು ಹಿಗ್ಗುವುದು ಆಹಾರದ ಗಾತ್ರಕ್ಕೆ. ಸಮ ತೂಕದ ಎರಡು ಆಹಾರಗಳಲ್ಲಿ ಶಕ್ತಿ ಸಮನಾಗಿರುವುದಿಲ್ಲ. ನೂರು ಗ್ರಾಂ ಸೌತೆಕಾಯಿಯಲ್ಲಿ ಇರುವುದು ಸುಮಾರು ೧೫ ಕ್ಯಾಲೊರಿ; ಅಷ್ಟೇ ಅನ್ನದಲ್ಲಿ ೧೩೦; ಸಕ್ಕರೆಯಲ್ಲಿ ೪೦೦; ಎಣ್ಣೆಯಲ್ಲಿ ೯೦೦. ನೀರೂ ನಾರೂ ಇರುವ ಪದಾರ್ಥಗಳು ಹೊಟ್ಟೆಯನ್ನು ತುಂಬುತ್ತವೆ, ಲೆಕ್ಕದ ಪುಸ್ತಕವನ್ನು ತುಂಬುವುದಿಲ್ಲ.

೧೯೯೫ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು ೩೮ ಆಹಾರಗಳನ್ನು ಸಮಶಕ್ತಿಯ ಪ್ರಮಾಣದಲ್ಲಿ, ಎಂದರೆ ಒಂದೊಂದರಲ್ಲಿಯೂ ಸುಮಾರು ೨೪೦ ಕ್ಯಾಲೊರಿ ಇರುವಂತೆ ಬಡಿಸಿ, ಎರಡು ಗಂಟೆಗಳ ಕಾಲ ತೃಪ್ತಿಯನ್ನು ಅಳೆದರು. ಬಿಳಿಯ ಬ್ರೆಡ್ಡಿಗೆ ೧೦೦ ಅಂಕವೆಂದು ಇಟ್ಟುಕೊಂಡಾಗ, ಬೆಣ್ಣೆ ಹಾಕಿ ಬೇಯಿಸಿದ ಕ್ರೋಸಾಂಟ್ ಎಂಬ ತಿನಿಸಿಗೆ ಬಂದುದು ೪೭. ಬರಿಯ ನೀರಿನಲ್ಲಿ ಬೇಯಿಸಿದ ಆಲೂಗೆಡ್ಡೆಗೆ ೩೨೩! ಪಥ್ಯದವರು ಮೊದಲು ದೂರವಿಡುವ ಆಲೂಗೆಡ್ಡೆಯೇ ಎಲ್ಲಕ್ಕಿಂತ ಹೆಚ್ಚು ತೃಪ್ತಿಕೊಟ್ಟಿತು. ಅದನ್ನು ಎಣ್ಣೆಯಲ್ಲಿ ಕರಿದರೆ ಮಾತು ಬೇರೆ.

ಕೆವಿನ್ ಹಾಲ್ ಅವರು ೨೦೧೯ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಇನ್ನೊಂದು ಸಾಕ್ಷಿ. ಇಪ್ಪತ್ತು ಮಂದಿಯನ್ನು ಆಸ್ಪತ್ರೆಯಲ್ಲಿರಿಸಿ, ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ಆಹಾರವನ್ನೂ, ಎರಡು ವಾರ ಮನೆಯಡುಗೆಯಂಥ ಆಹಾರವನ್ನೂ ಕೊಡಲಾಯಿತು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲಿಯೂ ಸಮ. ಎಷ್ಟು ಬೇಕೋ ಅಷ್ಟು ಉಣ್ಣಿರಿ ಎಂದು ಹೇಳಿದ್ದರು. ಕಾರ್ಖಾನೆಯ ಆಹಾರ ತಿಂದಾಗ ಅವರು ದಿನಕ್ಕೆ ಸುಮಾರು ೫೦೦ ಕ್ಯಾಲೊರಿ ಹೆಚ್ಚು ತಿಂದು ೦.೯ ಕಿಲೋಗ್ರಾಂ ಏರಿದರು. ಮತ್ತೊಂದನ್ನು ಉಂಡಾಗ ಅಷ್ಟೇ ಇಳಿದರು. ಎರಡು ಊಟಗಳೂ ರುಚಿಯಲ್ಲಿ ಸಮವೆಂದು ಅವರೇ ಹೇಳಿದರು. ಯಾರೂ ಹಸಿದಿರಲಿಲ್ಲ, ಯಾರೂ ಏನನ್ನೂ ಎಣಿಸಿರಲಿಲ್ಲ.

ನಮ್ಮ ಅಡುಗೆಮನೆಯ ಲೆಕ್ಕ

ಇನ್ನು ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ನಾಲ್ವರ ಸಂಸಾರದಲ್ಲಿ ತಿಂಗಳಿಗೆ ನಾಲ್ಕು ಲೀಟರು ಎಣ್ಣೆ ಖರ್ಚಾಗುವುದೆಂದು ಭಾವಿಸಿದರೆ, ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು ೩೦ ಗ್ರಾಂ, ಎಂದರೆ ೨೭೦ ಕ್ಯಾಲೊರಿ ಬಂದಿತು. ಒಗ್ಗರಣೆಗೂ ದೋಸೆಯ ಹೆಂಚಿಗೂ ಎಣ್ಣೆಯನ್ನು ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ ನಾಲ್ಕು ಲೀಟರನ್ನು ಮೂರಕ್ಕೆ ಇಳಿಸಿದರೆ, ತಲೆಗೆ ಸುಮಾರು ೬೮ ಕ್ಯಾಲೊರಿ ಉಳಿಯುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಪ್ರತಿ ಲೋಟಕ್ಕೆ ಎರಡು ಚಮಚದ ಬದಲು ಒಂದೇ ಚಮಚ ಸಕ್ಕರೆ ಹಾಕಿಕೊಂಡರೆ ೮೦ ಕ್ಯಾಲೊರಿ ಉಳಿಯುತ್ತದೆ. ಮಧ್ಯಾಹ್ನದ ಎರಡನೆಯ ಬಡಿಕೆಯಲ್ಲಿ ನೂರು ಗ್ರಾಂ ಅನ್ನಕ್ಕೆ ಬದಲು ಅಷ್ಟೇ ಹುರುಳಿಕಾಯಿ ಪಲ್ಯವನ್ನೋ ಸೊಪ್ಪಿನ ಪಲ್ಯವನ್ನೋ ಹಾಕಿಸಿಕೊಂಡರೆ ಸುಮಾರು ೭೦. ಒಟ್ಟು ೨೧೮ ಕ್ಯಾಲೊರಿ. ಮೇಲಿನ ಸೂತ್ರದಂತೆ ಇದನ್ನು ೨೪ರಿಂದ ಭಾಗಿಸಿದರೆ ಒಂಬತ್ತು ಕಿಲೋಗ್ರಾಂ. ಮೊದಲ ವರ್ಷದಲ್ಲಿ ಅದರ ಅರ್ಧ. ಇದು ಸರಾಸರಿಯ ಅಂದಾಜು. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಾಗುತ್ತದೆ, ಉಳಿಸಿದುದನ್ನು ಸಂಜೆಯ ಬೋಂಡದಲ್ಲಿ ಮತ್ತೆ ತಿಂದರೆ ಲೆಕ್ಕ ಬುಡಮೇಲಾಗುತ್ತದೆ. ಆದರೆ ಇಲ್ಲಿ ಅನ್ನವನ್ನು ಬಿಟ್ಟಿಲ್ಲ, ಕಾಫಿಯನ್ನು ಬಿಟ್ಟಿಲ್ಲ, ದೋಸೆಯನ್ನೂ ಬಿಟ್ಟಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಹಬ್ಬದ ಮಾತೇನು? ವರ್ಷದಲ್ಲಿ ಹನ್ನೆರಡು ಹಬ್ಬ ಮದುವೆಗಳಲ್ಲಿ ಹೋಳಿಗೆ, ಪಾಯಸ, ಆಂಬೊಡೆಗಳಿಂದ ದಿನಕ್ಕೆ ೧,೦೦೦ ಕ್ಯಾಲೊರಿ ಹೆಚ್ಚಾ‌ಯಿತೆಂದೇ ಇಟ್ಟುಕೊಳ್ಳೋಣ. ಒಟ್ಟು ೧೨,೦೦೦, ೩೬೫ ದಿನಗಳಿಗೆ ಹಂಚಿದರೆ ದಿನಕ್ಕೆ ೩೩. ಕಾಫಿಯ ಸಕ್ಕರೆಯಲ್ಲಿ ಉಳಿಸಿದುದರ ಅರ್ಧವೂ ಇದಲ್ಲ. ತೂಕವನ್ನು ಏರಿಸುವುದು ಯುಗಾದಿಯ ಹೋಳಿಗೆಯಲ್ಲ, ದಿನನಿತ್ಯದ ಚಮಚ. ಹಬ್ಬದ ಎಲೆಯ ಮುಂದೆ ಕುಳಿತು ಮನೆಯವರಿಗೂ ತನಗೂ ಬೇಸರ ಉಂಟುಮಾಡಿಕೊಳ್ಳಬೇಕಾದ ಕಾರಣವೇ ಇಲ್ಲ.

ನಮ್ಮ ಊಟದಲ್ಲಿ ಸಾಮಾನ್ಯವಾಗಿ ಕೊರತೆಯಾಗಿರುವುದು ಸಸಾರಜನಕ ಮತ್ತು ತರಕಾರಿ. ಬೇಳೆಕಾಳು, ಮೊಸರು ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ ಮೀನು, ಇವು ಹೊಟ್ಟೆಯಲ್ಲಿ ಬಹುಕಾಲ ನಿಲ್ಲುತ್ತವೆ. ತೂಕ ಇಳಿಯುವಾಗ ಮಾಂಸಖಂಡ ಸವೆಯದಂತೆಯೂ ಕಾಪಾಡುತ್ತವೆ. ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಪಲ್ಯ, ತೊವ್ವೆ, ಬಸ್ಸಾರು ಇವೆಲ್ಲ ಈ ದೃಷ್ಟಿಯಿಂದ ಉತ್ತಮ ಆಹಾರಗಳು. ಕೋಸಂಬರಿಯನ್ನು ಎಲೆಯ ತುದಿಯಲ್ಲಿ ಒಂದು ಚಮಚ ಬಡಿಸುವ ಬದಲು ಒಂದು ಬಟ್ಟಲು ಬಡಿಸಿದರೆ ಅರ್ಧ ಪಥ್ಯವಾದಂತೆ. ಅಕ್ಕಿಯನ್ನು ಬಿಟ್ಟು ರಾಗಿ ತಿಂದರೆ ತೂಕ ತಾನಾಗಿ ಇಳಿಯುವುದೆಂಬ ನಂಬಿಕೆ ಮಾತ್ರ ಸರಿಯಲ್ಲ. ಒಣ ಧಾನ್ಯದ ತೂಕಕ್ಕೆ ಎರಡರಲ್ಲಿಯೂ ಶಕ್ತಿ ಹೆಚ್ಚುಕಡಿಮೆ ಒಂದೇ. ರಾಗಿಯಲ್ಲಿ ನಾರು ಹಲವು ಪಟ್ಟು ಹೆಚ್ಚಾಗಿರುವುದರಿಂದ ಅದು ಬೇಗ ತೃಪ್ತಿ ಕೊಡಬಹುದು; ಲಾಭವಿರುವುದು ಅಲ್ಲಿ. ಜೋಳದ ರೊಟ್ಟಿ ಉಣ್ಣುವವರು ರೊಟ್ಟಿಯನ್ನೂ, ಕುಚ್ಚಲಕ್ಕಿ ಉಣ್ಣುವವರು ಅದನ್ನೂ ಬಿಡಬೇಕಾದುದಿಲ್ಲ.

ವ್ಯಾಯಾಮದ ಸ್ಥಾನ

ಊಟವನ್ನು ಹಾಗೆಯೇ ಇಟ್ಟು ವ್ಯಾಯಾಮದಿಂದಲೇ ತೂಕ ಇಳಿಸಬಹುದೆ? ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ೭೦ ಕಿಲೋಗ್ರಾಂ ತೂಕದ ಒಬ್ಬನು ಹತ್ತಿದನೆನ್ನಿ. ಮೆಟ್ಟಿಲೊಂದಕ್ಕೆ ೨೦ ಸೆಂಟಿಮೀಟರಿನಂತೆ ಎತ್ತರ ೨೦೦ ಮೀಟರು. ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಮಾಡಿದ ಕೆಲಸ ಸುಮಾರು ೩೩ ಕ್ಯಾಲೊರಿ. ಮಾಂಸಖಂಡಗಳು ಶಕ್ತಿಯ ನಾಲ್ಕನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಪರಿವರ್ತಿಸುವುದರಿಂದ ನಿಜವಾದ ಖರ್ಚು ಸುಮಾರು ೧೩೦. ಇದು ಒಂದು ದೊಡ್ಡ ಚಮಚ ತುಪ್ಪಕ್ಕೆ ಸಮ! ತೂಕ ಇಳಿಸುವುದರಲ್ಲಿ ಅಡುಗೆಮನೆಯ ಪಾಲೇ ದೊಡ್ಡದು.

ಹಾಗೆಂದು ವ್ಯಾಯಾಮ ವ್ಯರ್ಥವೆಂದು ತಿಳಿಯಬಾರದು. ೨೦೦೨ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ, ಸಿಹಿಮೂತ್ರ ರೋಗದ ಅಂಚಿನಲ್ಲಿದ್ದವರಿಗೆ ತೂಕದಲ್ಲಿ ನೂರಕ್ಕೆ ೭ರಷ್ಟು ಇಳಿಸುವ, ವಾರಕ್ಕೆ ೧೫೦ ನಿಮಿಷ ನಡೆಯುವ ಗುರಿ ಕೊಟ್ಟಾಗ ರೋಗ ತಗಲುವ ಸಂಭವ ನೂರಕ್ಕೆ ೫೮ರಷ್ಟು ತಗ್ಗಿತು. ಚೆನ್ನೈಯ ವೈದ್ಯರು ೨೦೦೬ರಲ್ಲಿ ಪ್ರಕಟಿಸಿದ ಇಂಥದೇ ಪರೀಕ್ಷೆಯಲ್ಲಿ ಸಂಭವ ನೂರಕ್ಕೆ ಸುಮಾರು ೨೮ರಷ್ಟು ಕಡಿಮೆಯಾಯಿತು. ಅಲ್ಲಿ ಜನರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳ್ಳೆಯ ಊಟದಿಂದಲೂ ನಡಿಗೆಯಿಂದಲೂ ದೇಹಕ್ಕೆ ಹಿತವಾಗುತ್ತದೆಂಬುದು ಇದರ ತಾತ್ಪರ್ಯ.

ತಕ್ಕಡಿಯ ಜೊತೆಗೆ ಅಳತೆಯ ಪಟ್ಟಿಯನ್ನೂ ನಂಬಬೇಕು. ನಮ್ಮ ಜನರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು. ಸೊಂಟದ ಸುತ್ತಳತೆ ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರನ್ನು ಮೀರದಿರುವುದು ಲೇಸು. ದಿನದಿಂದ ದಿನಕ್ಕೆ ತೂಕವು ನೀರಿನ ವ್ಯತ್ಯಾಸದಿಂದಲೇ ಒಂದು ಕಿಲೋಗ್ರಾಮಿನಷ್ಟು ಹೆಚ್ಚು ಕಡಿಮೆಯಾಗಬಹುದಾದುದರಿಂದ ವಾರಕ್ಕೊಮ್ಮೆ ನೋಡಿದರೆ ಸಾಕು. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ತಾವಾಗಿ ಊಟವನ್ನು ಕಡಿಮೆ ಮಾಡಬಾರದು. ಸಿಹಿಮೂತ್ರಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಕಾರಣವಿಲ್ಲದೆ ತೂಕ ಏರಿದರೂ ಇಳಿದರೂ ಪರೀಕ್ಷೆ ಅಗತ್ಯ.

ಶಕ್ತಿಯ ನಿಯಮವನ್ನು ಮೀರಿ ಯಾರೂ ತೂಕ ಇಳಿಸಲಾರರು. ಹಸಿವಿನ ನಿಯಮವನ್ನು ಮೀರಿ ಯಾರೂ ಬಹುಕಾಲ ಅದನ್ನು ಉಳಿಸಿಕೊಳ್ಳಲಾರರು. ಈ ಎರಡು ನಿಯಮಗಳಿಗೂ ಒಪ್ಪುವ ದಾರಿ ಸಣ್ಣ ಬದಲಾವಣೆಗಳ ದಾರಿ. ನಲ್ಲಿಯನ್ನು ಮುಚ್ಚಬೇಕಾಗಿಲ್ಲ, ಕಾಲು ಸುತ್ತು ತಿರುಗಿಸಿ ಅಲ್ಲಿಯೇ ಬಿಟ್ಟರೆ ಸಾಕು. ಮಟ್ಟವು ತನ್ನ ವೇಗದಲ್ಲಿ, ಉಸಿರು ಉಸಿರಾಗಿ, ಇಳಿದು ನಿಲ್ಲುತ್ತದೆ.